ಕಟಕಟ ಅನ್ನದ ಡಿಸ್ಕ್ ಬೇಕ್ರೀ

ಮದುವೆ ಫೋಟೋ, ವಿಡಿಯೋ ತೆಗೆಯುವವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಬಾಗಿಲು ತಳ್ಳಿಕೊಂಡು ಸ್ಟುಡಿಯೋದೊಳಗೆ ಬರುತ್ತವೆ, ಕುರ್ಚಿ ಎಳೆದುಕೊಂಡು ಕೂಡುತ್ತವೆ, ಚಹಾನೂ ಕೇಳುತ್ತವೆ. ರಾಯಚೂರಿನಲ್ಲಿ ಸ್ಟುಡಿಯೋ ಇಟ್ಟ ದಿನದಿಂದ ನನ್ನದು ಇದೇ ಕಥೆ. ಹೋದ ವರ್ಷ ಒಂದು ಹಾರ್ಡ್ ಡಿಸ್ಕ್ ಕೊಳ್ಳಲು ಹೋಗಿ ಏನೇನಾಯಿತು ಅನ್ನುವುದನ್ನಷ್ಟೇ ಇಲ್ಲಿ ಹೇಳುತ್ತೇನೆ.

೧. ಕಟಕಟ

ಒಂದು ಬೆಳಿಗ್ಗೆ ನನ್ನ ಹಳೆಯ ಹಾರ್ಡ್ ಡಿಸ್ಕ್ ಕಟಕಟ ಎನ್ನತೊಡಗಿತು. ಹತ್ತು-ಹನ್ನೆರಡು ವರ್ಷ ತೆಗೆದ ಮದುವೆಗಳೆಲ್ಲ ಅದೊಂದರಲ್ಲೇ ಇದ್ದವು. ಎರಡನೇ ಕಾಪಿ ಇರಲಿಲ್ಲ. ಇವತ್ತು ಮಾಡೋಣ, ನಾಳೆ ಮಾಡೋಣ ಎಂದು ಮುಂದೂಡಿದ ಸೋಮಾರಿ ನಾನೇ.

ಮದುವೆಯವರಿಗೆ ನಾವು ಪೆನ್‌ಡ್ರೈವ್ ಕೊಡುತ್ತೇವೆ. ಅವರು ಅದನ್ನು ತಿಂಗಳೊಳಗೆ ಕಳೆಯುತ್ತಾರೆ. "ಸ್ಟುಡಿಯೋದಾಗ ಇರ್ತದ ಬಿಡ್ರಿ" ಎನ್ನುವ ಧೈರ್ಯ ಅವರಿಗೆ. ವರ್ಷಗಳ ಮೇಲೆ ಬಂದು ಕೇಳುವುದು ತಾಳಿ ಕಟ್ಟಿದ್ದನ್ನಲ್ಲ, ಆಯೇರಿ ಮಾಡಿದ್ದನ್ನು. ಮದುವೆಗೆ ಬಂದ ಬಂಧುಗಳು ಸೀರೆ, ಕುಪ್ಪಸ, ಧೋತರ ಉಡುಗೊರೆ ಕೊಡುವುದಕ್ಕೆ ನಮ್ಮಲ್ಲಿ ಆಯೇರಿ ಅನ್ನುತ್ತಾರೆ. ಬಂದ ಸೀರೆಗಳನ್ನೆಲ್ಲ ಉಡಲು ಯಾರಿಗೂ ಒಂದು ಜನ್ಮ ಸಾಲದು. ಟ್ರಂಕಿನಲ್ಲಿಟ್ಟು ಮುಂದಿನ ಮದುವೆಯಲ್ಲಿ ಇನ್ನೊಬ್ಬರಿಗೆ ಕೊಡುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೊಟ್ಟವರಿಗೇ ತಿರುಗಿ ಕೊಟ್ಟರೆ ಮುಗಿಯಿತು, ಎರಡು ಮನೆಗಳ ನಡುವೆ ಮಾತು ನಿಂತಂತೆ. ಯಾವ ಸೀರೆ ಯಾರದು ಎನ್ನುವುದಕ್ಕೆ ನನ್ನ ವಿಡಿಯೋ ಒಂದೇ ಸಾಕ್ಷಿ. ಆ ಡಿಸ್ಕ್ ಸತ್ತರೆ ಮಾನ್ವಿಯಿಂದ ದೇವದುರ್ಗದವರೆಗೆ ಎಷ್ಟು ಮನೆಗಳ ನಂಟು ಕೆಡುತ್ತದೋ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ.

"ನಮ್ಮ ಮದುವಿನೂ ಅದರಾಗ ಅದ ಏನು?" ಎಂದಳು.

"ಅದರಾಗ ಅದ."

"ಹಂಗಾದ್ರ ಮೊದಲ ಅದನ್ನ ಹೊರಗ ತಗೀರಿ. ಹೋತಂದ್ರ ಮತ್ತೊಮ್ಮೆ ಮಾಡ್ಕೊಳ್ಳೋ ಶಕ್ತಿ ನನಗಿಲ್ಲ."

೨. ವಾರಂಟಿ

ನನ್ನ ಹೆಂಡತಿಯ ತಮ್ಮ ಶಕ್ತಿನಗರದಲ್ಲಿ ಇಂಜಿನಿಯರ್. ಮನೆಗೆ ಒಂದು ಬಕೆಟ್ ಕೊಳ್ಳಬೇಕಾದರೂ ನಾಲ್ಕು ದಿನ ಮೊಬೈಲಿನಲ್ಲಿ ಓದುವ ಮನುಷ್ಯ. ಡಿಸ್ಕ್ ಆರಿಸಲು ಅವನನ್ನೇ ಕರೆದುಕೊಂಡು ಕಂಪ್ಯೂಟರ್ ಅಂಗಡಿಗೆ ಹೋದೆ.

ಅಂಗಡಿಯವರು ಎರಡು ಬಗೆ ತೋರಿಸಿದರು. ಒಳಗೆ ತಟ್ಟೆ ತಿರುಗುವುದು ಅಗ್ಗ, ಜಾಗವೂ ಹೆಚ್ಚು. ತಿರುಗುವುದೇನೂ ಇಲ್ಲದ್ದು ಪುಟ್ಟದು, ಗಟ್ಟಿ, ದುಬಾರಿ.

"ಇದು ಮೂರಡಿ ಮ್ಯಾಲಿಂದ ಬಿದ್ರೂ ಏನೂ ಆಗಂಗಿಲ್ರಿ" ಎಂದರು ಅಂಗಡಿಯವರು, ಪುಟ್ಟದನ್ನು ಹಿಡಿದು.

"ಬೀಳಿಸಿ ತೋರಿಸ್ರಿ" ಎಂದ ಇಂಜಿನಿಯರ್.

"ಬೀಳಿಸಿದ್ರ ನೀವು ತಗೋಬೇಕಾಗ್ತದ್ರಿ."

"ಬೀಳಿಸಲಾರದ ಹೆಂಗ ತಗೊಳ್ಳೋದ್ರಿ?"

ಇದು ಒಂದು ತಾಸು ನಡೆಯಿತು. ಕೊನೆಗೆ ನಾನೇ ನಡುವೆ ಬಾಯಿ ಹಾಕಿ ತಟ್ಟೆ ತಿರುಗುವುದರ ವಾರಂಟಿ ಕೇಳಿದೆ.

"ಮೂರು ವರ್ಷರಿ. ಕೆಟ್ರ ಹೊಸಾದು ಕೊಡ್ತಾರ."

"ಒಳಗಿದ್ದ ಮದುವಿಗಳು?"

"ವಾರಂಟಿ ಡಬ್ಬಿಗಷ್ಟರಿ, ಮದುವಿಗಿಲ್ಲ."

ನನ್ನ ಮೈದುನ ಆವತ್ತು ಮೊದಲ ಸಲ ಅಂಗಡಿಯವರ ಮಾತು ಒಪ್ಪಿಕೊಂಡ. "ಖರೇ ಅದ ಭಾವಾ. ಮದುವಿಗೆ ವಾರಂಟಿ ಯಾರ್ ಕೊಟ್ಟಾರ?"

೩. ಮೂರು ಹಿಂಡು

ಏನೂ ಕೊಳ್ಳದೆ ಸ್ಟುಡಿಯೋಗೆ ಮರಳಿದೆ. ಅಲ್ಲಿ ದೇವದುರ್ಗದ ಕಡೆಯ ಕುರಿ ಯಜಮಾನರು ಕಂಬಳಿ ಹೊದ್ದು ಕೂತಿದ್ದರು. ಅವರ ಹಿರಿ ಮಗನ ಮದುವೆ ತೆಗೆದವನು ನಾನೇ. ಕಿರಿ ಮಗನ ಮದುವೆಗೆ ಹೇಳಿ ಹೋಗಲು ಬಂದಿದ್ದರು. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು, ಹೇಳಿದೆ.

"ಎಲ್ಲಾ ಮದುವಿ ಒಂದ ಡಬ್ಬ್ಯಾಗ ಇಟ್ಟೀಯೇನೋ ತಮ್ಮಾ?" ಎಂದು ಗಾಬರಿಯಾದರು. "ನಾವು ಎಲ್ಲಾ ಕುರಿ ಒಂದ ಹಿಂಡಿನ್ಯಾಗ ಇಡಂಗಿಲ್ಲ. ಒಂದು ಪಾಲು ನನ್ನ ಹತ್ರ, ಒಂದು ಪಾಲು ತಮ್ಮನ ಹತ್ರ, ಇನ್ನೊಂದು ಬೀಗರ ಊರಾಗ. ಒಂದಕ್ಕ ಬ್ಯಾನಿ ಬಂದ್ರ ಎರಡು ಉಳೀತಾವ."

"ಹಂಗಾದ್ರ ಮೂರು ಡಬ್ಬಿ ತರ್ತೀನ್ರಿ."

"ಮೂರೂ ಒಂದ ದೊಡ್ಡಿಯಿಂದ ತರಬ್ಯಾಡ. ಬೇರೆ ಬೇರೆ ಕಡೆ ತಗೋ."

ಇಂಜಿನಿಯರ್ ನಾಲ್ಕು ದಿನ ಓದಿ ಹೇಳದ್ದನ್ನು ಯಜಮಾನರು ಒಂದು ಕಪ್ ಚಹಾದಲ್ಲಿ ಹೇಳಿದರು. ನಾನು ಮೂರು ಬೇರೆ ಬೇರೆ ಕಂಪನಿಯ ಡಿಸ್ಕ್ ತಂದು ಎಲ್ಲವನ್ನೂ ಕಾಪಿ ಮಾಡಿದೆ. ಹಳೆಯದು ಎರಡು ದಿನ ಕಟಕಟ ಎನ್ನುತ್ತಲೇ ಕೊಟ್ಟಿತು, ಕೊನೆಯ ಮದುವೆ ಮುಗಿಸಿದ ಮೇಲೆ ಸುಮ್ಮನಾಯಿತು. ಕಣ್ಣಲ್ಲಿ ನೀರು ಬಂತು ಅಂದರೆ ನೀವು ನಗುತ್ತೀರಿ.

ಮುಂದೆ ಯಜಮಾನರು ಬಂದಾಗ ಹೆಮ್ಮೆಯಿಂದ ಮೂರನ್ನೂ ತೋರಿಸಿದೆ. ಅವರು ಒಂದೊಂದನ್ನೇ ಎತ್ತಿ ತೂಕ ನೋಡಿದರು.

"ವರ್ಷಕ್ಕ ಎಷ್ಟು ಮರಿ ಹಾಕ್ತಾವ?"

"ಮರಿ ಹಾಕಂಗಿಲ್ರಿ ಯಜಮಾನ್ರ."

"ಮರಿ ಹಾಕಂಗಿಲ್ಲ, ಕಂಬಳಿಗೆ ಉಣ್ಣೀನೂ ಕೊಡಂಗಿಲ್ಲ. ಇವನ್ನ ಮೂರು ಸಾಕಾಕತ್ತೀಯಲ್ಲೋ, ಭಾಳ ದೊಡ್ಡ ಮನಸು ನಿಂದು!"

೪. ಭರಣಿ ಪಕ್ಕದ ಡಿಸ್ಕ್

ಒಂದನ್ನು ಸ್ಟುಡಿಯೋದಲ್ಲಿಟ್ಟೆ. ಒಂದನ್ನು ಶಕ್ತಿನಗರದ ಮೈದುನನಿಗೆ ಕೊಟ್ಟೆ. ಮೂರನೆಯದಕ್ಕೆ ಮಾನ್ವಿಯ ಆಚಾರ್ಯರು ನೆನಪಾದರು. ಶಾಲೆಯಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು. ಮನೆಯಲ್ಲಿ ಪೂಜೆ, ಮಡಿ ಬಲು ಕಟ್ಟುನಿಟ್ಟು.

"ಮಕ್ಕಳು ಮುಟ್ಟಲಾರದ ಜಾಗ ಅದ ಏನ್ರಿ ಆಚಾರ್ರ?"

"ಮಕ್ಕಳೇನು, ನಾನ ಮುಟ್ಟಲಾರದ ಜಾಗ ಅದ" ಎಂದು ದೇವರ ಮನೆಯ ಮೇಲಿನ ಕಪಾಟು ತೋರಿಸಿದರು. ಮಡಿಯ ಉಪ್ಪಿನಕಾಯಿ ಭರಣಿಗಳು ಇರುವ ಕಪಾಟು ಅದು. ಸ್ನಾನ ಮಾಡಿ ಒದ್ದೆ ಪಂಚೆ ಉಡದೆ ಯಾರೂ ಕೈ ಹಾಕುವಂತಿಲ್ಲ. ಡಿಸ್ಕ್ ಮಾವಿನಕಾಯಿ ಭರಣಿಯ ಪಕ್ಕ ಹೋಗಿ ಕೂತಿತು.

ವಾರದ ಮೇಲೆ ಹೊಸ ಮದುವೆಯೊಂದನ್ನು ಸೇರಿಸಲು ಹೋದೆ. ಹೊತ್ತು ಮಧ್ಯಾಹ್ನ, ಮನೆಯಲ್ಲಿ ಎಲ್ಲರದೂ ಊಟವಾಗಿತ್ತು. ಅಂದರೆ ಯಾರೂ ಮಡಿಯಲ್ಲಿಲ್ಲ. ಆಚಾರ್ಯರು ಪಾಪ ನನಗಾಗಿ ಎರಡನೇ ಸಲ ತಣ್ಣೀರು ಸುರಿದುಕೊಂಡರು. ಒದ್ದೆ ಪಂಚೆಯಲ್ಲಿ ಗಡಗಡ ನಡುಗುತ್ತ, ಡಿಸ್ಕನ್ನು ಮುಂದೆ ಹಿಡಿದು ಬಂದರು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಆಚಾರ್ರ, ನೀರು! ಡಿಸ್ಕಿಗೆ ನೀರು ಬಿದ್ದೀತು!" ಎಂದು ಓಡಿದೆ.

"ಹಿಂದ ಸರಿ! ನೀ ಮುಟ್ಟಿದ್ರ ಮತ್ತ ಸ್ನಾನ ಮಾಡಬೇಕು!" ಎಂದು ಅವರು ಓಡಿದರು.

ಪಾಸ್‌ವರ್ಡ್ ಹಾಕಿದ ಡಿಸ್ಕ್ ನೀವು ಬೇಕಾದಷ್ಟು ನೋಡಿರಬಹುದು. ಎರಡು ಕೊಡ ತಣ್ಣೀರು ಬಿದ್ದರೆ ಮಾತ್ರ ತೆರೆಯುವ ಡಿಸ್ಕ್ ನನ್ನದೊಂದೇ.

೫. ದೊಡ್ಡವ್ವನ ಸೀರೆ

ಕಿರಿ ಮಗನ ಮದುವೆಗೆ ಮೂರು ದಿನ ಇದೆ ಅನ್ನುವಾಗ ಯಜಮಾನರ ಹೆಂಡತಿ ಸ್ಟುಡಿಯೋಗೆ ಬಂದರು. ನಾನು ಅವರನ್ನು ದೊಡ್ಡವ್ವ ಅನ್ನುತ್ತೇನೆ. ಬಗಲಲ್ಲಿ ಗಿಳಿಹಸಿರು ಸೀರೆಯ ಗಂಟು.

"ತಮ್ಮಾ, ಕಲ್ಲೂರಿನ ನಮ್ಮ ನಾದಿನಿಗೆ ಇದನ್ನ ಆಯೇರಿ ಮಾಡಬೇಕಂತೀನಿ. ಹಿರೇ ಮಗನ ಮದುವ್ಯಾಗ ಬಂದದ್ದು. ಅಕಿನ ಕೊಟ್ಟಿದ್ದಳೇನೋ ಅಂತ ಒಂದ ಅನುಮಾನ. ನನ್ನ ಎರಡೂ ಹೆರಿಗ್ಯಾಗ ನನ್ನ ಕೈ ಹಿಡ್ಕೊಂಡು ಕುಂತಾಕಿ ಅಕಿ. ಅಕಿ ಮನಸು ಮುರೀತಂದ್ರ ನಾ ಹೆಂಗ ತಡ್ಕೊಳ್ಳಲಿ?"

"ಈಗ ನೋಡೋಣು ದೊಡ್ಡವ್ವ" ಎಂದು ಸ್ಟುಡಿಯೋದ ಡಿಸ್ಕ್ ಹಚ್ಚಿದೆ. ಹಿಂದಿನ ದಿನ ಕಾಪಿ ನಡೆದಾಗಲೇ ನಾನು ಅವಸರದಲ್ಲಿ ವೈರ್ ಕಿತ್ತಿದ್ದೆ. ಈಗ ಅದು ಫಾರ್ಮ್ಯಾಟ್ ಮಾಡು, ಅಂದರೆ ಒಳಗಿನದ್ದೆಲ್ಲ ಅಳಿಸು ಅನ್ನುತ್ತಿತ್ತು. ಮೈದುನನಿಗೆ ಫೋನ್ ಮಾಡಿದೆ.

"ಚಿಂತಿ ಮಾಡಬ್ಯಾಡ್ರಿ ಭಾವಾ. ಡಿಸ್ಕ್ ಭಾಳ ಭದ್ರ ಅದ. ಕಬ್ಬಿಣದ ಕಪಾಟದಾಗ ಇಟ್ಟು ಕೀಲಿ ಹಾಕೀನಿ. ಕೀಲಿ ನನ್ನ ಕಿಸೆದಾಗ ಅದ."

"ನೀ ಎಲ್ಲಿದ್ದಿ?"

"ತಿರುಪತಿ. ಲೈನಿನ್ಯಾಗ ನಿಂತೀನಿ."

ಉಳಿದದ್ದು ಮಾನ್ವಿ. ದೊಡ್ಡವ್ವನನ್ನು ಬಸ್ಸು ಹತ್ತಿಸಿಕೊಂಡು ಹೋದೆ. ಆಚಾರ್ಯರು ನನ್ನನ್ನು ಬಾಗಿಲಲ್ಲಿ ಕಂಡವರೇ ಬಚ್ಚಲಿಗೆ ನಡೆದರು.

ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟೆವು. ಮಗ ತಾಳಿ ಕಟ್ಟುವಾಗ ದೊಡ್ಡವ್ವ "ಮುಂದ ಓಡ್ಸು" ಎಂದರು. ಅಕ್ಷತೆ, ಊಟದ ಪಂಕ್ತಿ, ಎಲ್ಲಾ ಮುಂದೆ ಓಡಿದವು. ಆಯೇರಿ ಬಂತು. "ನಿಂದ್ರಿಸು!" ಎಂದರು. ಪರದೆಯ ಮೇಲೆ ಕಲ್ಲೂರಿನ ನಾದಿನಿ, ಕೈಯಲ್ಲಿ ಅದೇ ಗಿಳಿಹಸಿರು ಸೀರೆ.

ದೊಡ್ಡವ್ವ ಡಿಸ್ಕಿಗೆ ಕೈಮುಗಿದರು. ಅಲ್ಲೇ ಮಾನ್ವಿಯಲ್ಲಿ ನಾದಿನಿಗೆ ಹೊಸ ಸೀರೆ ಕೊಂಡರು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ನನ್ನ ಕೈ ಬಿಡಲಿಲ್ಲ.

ಮದುವೆಯ ದಿನ ಕ್ಯಾಮೆರಾ ಹಿಡಿದು ನಿಂತಿದ್ದೆ. ದೊಡ್ಡವ್ವ ನಾದಿನಿಯ ಉಡಿಗೆ ಹೊಸ ಸೀರೆ ಹಾಕಿದರು. ನಾದಿನಿ ಕಣ್ತುಂಬಿ ತಬ್ಬಿಕೊಂಡಳು. ಆಮೇಲೆ ತನ್ನ ಚೀಲದಿಂದ ಒಂದು ನೇರಳೆ ಸೀರೆ ತೆಗೆದು, "ವೈನಿ, ನಿಮಗಂತನ ಹತ್ತು ಅಂಗಡಿ ತಿರುಗಿ ತಂದೀನಿ" ಎಂದಳು.

ದೊಡ್ಡವ್ವ ಸೆರಗು ನೋಡಿದರು. ಅದರ ಕುಚ್ಚು ಕಟ್ಟಿದ್ದು ಅವರೇ. ಹಿಂದಿನ ವರ್ಷ ನಾದಿನಿಯ ಮಗಳ ಮದುವೆಯಲ್ಲಿ ಕೊಟ್ಟಿದ್ದೂ ಅವರೇ, ಬಸ್ಸಿನಲ್ಲಿ ನನಗೆ ಹೇಳಿದ್ದರು. ಆ ಮದುವೆ ತೆಗೆದವನು ಬೇರೆಯವನು. ಅವನ ಹತ್ತಿರ ಇದ್ದದ್ದು ಒಂದೇ ಡಿಸ್ಕ್, ಅದೂ ಕೆಟ್ಟಿತ್ತಂತೆ. ಪಾಪ, ನಾದಿನಿ ಅಂದಾಜಿನ ಮೇಲೆ ತಂದಿದ್ದಳು.

ಈಗ ಸಿಡಿಯುತ್ತದೆ ಅಂದುಕೊಂಡೆ. ದೊಡ್ಡವ್ವ ಸೀರೆಯನ್ನು ಕಣ್ಣಿಗೊತ್ತಿಕೊಂಡು, "ಎಂಥಾ ಛಲೋ ಕುಚ್ಚವ ಯವ್ವಾ, ಯಾರ ಕಟ್ಟ್ಯಾರೋ ಏನೋ!" ಎಂದು ನಾದಿನಿಯ ಗಲ್ಲ ಸವರಿದರು. ಆ ತಾಯಿ ಅಷ್ಟು ದೊಡ್ಡವಳು.

ಆಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದರು.

"ತಮ್ಮಾ, ಇದು ವಿಡಿಯೋದಾಗ ಬಂತೇನು?"

"ಬಂತು ದೊಡ್ಡವ್ವ."

"ಕುಚ್ಚು ಚಂದಂಗ ಕಾಣ್ತಾವೇನು?"

"ಕಾಣ್ತಾವ."

"ಹಂಗಾದ್ರ ಮೂರೂ ಡಬ್ಬಿಗೆ ಹಾಕು. ಆಚಾರ್ರ ಮನ್ಯಾಗಿನದಕ್ಕ ಎರಡ ಸಲ ಹಾಕು."