ಬಚ್ಚಲ ಕಪ್ಪೆಯ ರಾಷ್ಟ್ರೀಕರಣ

ಬಹಳ ಹಿಂದೆ ಒಂದು ರಾಜ್ಯವಿತ್ತು, ಧೂಮಪುರಿ ಅಂತ. ಅಲ್ಲಿನ ಮಹಾರಾಜ ಕೈ ತೊಳೆಯೋಕೆ ನಾನೇ ಚೊಂಬಲ್ಲಿ ನೀರು ಕೊಟ್ಟಿದ್ದೀನಿ. ಸರಿ, ಅರ್ಧ ಸುಳ್ಳು. ಚೊಂಬು ನಿಜ, ರಾಜನ್ನ ನೋಡಿಲ್ಲ. ಮಿಕ್ಕಿದ್ದೆಲ್ಲ ಸತ್ಯ, ಒಗ್ಗರಣೆ ಒಂದು ಬಿಟ್ಟು.

ಅಲ್ಲಿ ಹೊಗೆ ಎಷ್ಟಿತ್ತು ಅಂದ್ರೆ, ಗಂಡ ಹೆಂಡತಿ ಒಂದೇ ಮಂಚದಲ್ಲಿ ಕೂತು ಒಬ್ಬರನ್ನೊಬ್ಬರು ಕೂಗಿ ಹುಡುಕೋರು. ಹದ್ದುಗಳು ಕೆಮ್ಮಿಕೊಂಡು ಹಾರೋವು. ಕೆರೆ ನೊರೆ ಉಕ್ಕಿ ಬೀದಿಗೆ ಬರೋದು. ಜನಕ್ಕೆ ಎಷ್ಟು ಬೇಜಾರು ಹತ್ತಿತು ಅಂದ್ರೆ, ಬೆಳಗ್ಗೆ ಏಳೋದನ್ನೇ ಬಿಟ್ರು. "ಎದ್ದು ನೋಡೋದಾದ್ರೂ ಏನನ್ನ?" ಅಂತ ಮಗ್ಗುಲಾಗೋರು. ಮಹಾರಾಜ ಧೂಮ್ರಸೇನರ ಸವಾರಿ ಹೊರಟರೆ ಜೈಕಾರ ಹಾಕೋಕೆ ಒಂದು ನರಪಿಳ್ಳೆ ಇಲ್ಲ!

ಪ್ರಭುಗಳು ಕೆಂಡವಾದರು. ಮಂತ್ರಿ ಮಂದಹಾಸರು ಕೈ ಮುಗಿದರು.

"ಮಹಾಪ್ರಭು, ಕೆರೆ ಸರಿಮಾಡೋದು ನಿಧಾನದ ಕೆಲಸ. ಜನಕ್ಕೆ ಬದುಕೋಕೆ ಕಾರಣ ಇಲ್ಲ, ಸಮಸ್ಯೆ ಅಷ್ಟೇ. ಕಾರಣಾನ ನಾವೇ ಹಂಚಿಬಿಡೋಣ."

"ಭೇಷ್! ಮೊದಲು ಸರ್ವೆ ಆಗಲಿ!"

ಡಂಗುರ ಸಾರಿದರು: ಪ್ರತಿ ಮನೆಯವರೂ ತಾವು ಯಾಕೆ ಬದುಕಿದ್ದೀವಿ ಅಂತ ಮೂರು ಪ್ರತಿಯಲ್ಲಿ, ಫೋಟೋ ಸಮೇತ ತಿಳಿಸತಕ್ಕದ್ದು.

ಇಡೀ ರಾಜ್ಯದಲ್ಲಿ ಸಿಕ್ಕಿದ್ದು ಒಂದೇ ಕಾರಣ, ಕುಂಬಾರಗೇರಿಯ ಚೆನ್ನಾಜಮ್ಮಂದು. ಗಂಡ ಹೋಗಿ ಇಪ್ಪತ್ತು ವರ್ಷ. ಹಿತ್ತಿಲಲ್ಲಿ ಬಚ್ಚಲ ನೀರು ಹರಿಯೋ ಕಡೆ ಎರಡು ಕೆಸುವಿನ ಗಿಡ, ಅದರಡಿ ಒಂದು ಕಪ್ಪೆ. ಇವಳು ಮೈಮೇಲೆ ನೀರು ಹುಯ್ಕೊಂಡ್ರೆ ಅದಕ್ಕೂ ಸ್ನಾನ. ಸಂಜೆ ಅದು ಒಂದೇ ಸಲ "ವಟರ್" ಅನ್ನೋದು. ಅದನ್ನ ಕೇಳಿದ ಮೇಲೇ ಇವಳು ಒಲೆ ಹಚ್ಚೋದು.

ಸರ್ವೆ ಗುಮಾಸ್ತ ಬಂದು, "ಅಜ್ಜಿ, ಕಾರಣ ಹೇಳು," ಅಂದ.

"ನಾನು ಸತ್ರೆ ಅದಕ್ಕೆ ನೀರು ಬಿಡೋರು ಯಾರು ಮಗಾ?"

"ಅಷ್ಟೇನಾ?"

"ಸಾಲದಾ? ನಿಂಗೇನೈತೆ, ಹೇಳು ನೋಡಾನ."

ಗುಮಾಸ್ತ ಮೂರು ಪ್ರತಿಯಲ್ಲೂ 'ಕಪ್ಪೆ' ಅಂತ ಬರಕೊಂಡ.

ವಾರದೊಳಗೆ ಮಂತ್ರಿಗಳೇ ಆನೆ ಮೇಲೆ ಬಂದರು. "ತಾಯೀ, ನಿನ್ನ ಕಾರಣ ರಾಷ್ಟ್ರೀಕರಣ ಆಗಿದೆ."

"ಹಂಗಂದ್ರೆ ಏನು ಸ್ವಾಮಿ?"

"ಇನ್ನು ಮೇಲೆ ಅದು ಎಲ್ಲರ ಕಪ್ಪೆ."

ಕಪ್ಪೆಯನ್ನ ಗಾಜಿನ ಪೆಟ್ಟಿಗೆಗೆ ಹಾಕಿದರು. ಹಿತ್ತಿಲು ಕೊಳಕು ಅಂತ ಸಿಮೆಂಟು ಸುರಿದರು. 'ಇಲ್ಲಿ ಕಪ್ಪೆ ಇತ್ತು' ಅಂತ ಕಲ್ಲು ನೆಟ್ಟು, ಚೆನ್ನಾಜಮ್ಮಂಗೆ ಶಾಲು ಹೊದಿಸಿದರು.

"ಶಾಲು ವಟರ್ ಅನ್ನುತ್ತಾ ಸ್ವಾಮಿ?" ಅಂದಳು. ಮಂತ್ರಿಗಳಿಗೆ ಕೇಳಿಸಲಿಲ್ಲ, ಫೋಟೋಕ್ಕೆ ನಗ್ತಾ ಇದ್ದರು.

ಅವತ್ತು ಸಂಜೆ ಅವಳು ಒಲೆ ಹಚ್ಚಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಅರಮನೆಯಲ್ಲಿ ಕಪ್ಪೆಗೆ ಎಸಿ ಹಾಕಿದರು, ಮುತ್ತಿನ ಹಾರ ಹಾಕಿದರು. ಅದು ಉಸಿರೆತ್ತಲಿಲ್ಲ. ಸಹಕರಿಸಲಿಲ್ಲ ಅಂತ ಕಿಟಕಿಯಾಚೆ ಎಸೆದರು. ಎಲ್ಲರ ಕಪ್ಪೆಯ ಉದ್ಘಾಟನೆಗೆ ಪ್ರಜೆಗಳನ್ನ ಹಾಸಿಗೆ ಸಮೇತ ಹೊತ್ತು ತಂದಾಗಿತ್ತಲ್ಲ, ಹೊಗಳುಭಟ್ಟ ಹೂಂಕಾರಯ್ಯನ್ನ ಪರದೆ ಹಿಂದೆ ಕೂರಿಸಿ "ವಟರ್" ಅನ್ನಿಸಿದರು.

ಪ್ರಭುಗಳ ಕಣ್ಣು ತುಂಬಿತು. "ನಮ್ಮ ಆಳ್ವಿಕೆಯಲ್ಲಿ ಪ್ರಕೃತಿ ಎಷ್ಟು ನಲೀತಿದೆ!"

"ಪ್ರಕೃತಿ ಅಲ್ಲ ಪ್ರಭು, ತಮ್ಮ ನಾಮಸ್ಮರಣೆ ಅದು!" ಅಂದರು ಮಂತ್ರಿಗಳು.

ಹೂಂಕಾರಯ್ಯನ ತಲೆಗೆ ಕಿರೀಟ ಬಂತು, ಆಸ್ಥಾನ ಕಪ್ಪೆ ಅಂತ ಬಿರುದು ಬಂತು. ಅವನ ಗಂಟಲು ಒಣಗಬಾರದು ಅಂತ ದಿನಾ ಮನೆಗೊಂದು ಕೊಡ ಒಳ್ಳೇ ನೀರು ಅರಮನೆಗೆ ಹೊರಬೇಕು ಅಂತ ಅಪ್ಪಣೆಯೂ ಆಯ್ತು. ಜನ ಈಗ ನಸುಕಿಗೇ ಎದ್ದು ನೀರು ಹುಡುಕೋರು. ಎಲ್ಲರೂ ಎದ್ದರಲ್ಲ, ಯೋಜನೆ ನೂರಕ್ಕೆ ನೂರು ಯಶಸ್ವಿ ಅಂತ ಮಂತ್ರಿಗಳು ಬೋರ್ಡು ಹಾಕಿಸಿದರು.

ಚೆನ್ನಾಜಮ್ಮನೂ ಏಳಲೇಬೇಕಾಯ್ತು. ಒಂದಿನ ಕೊಡ ಹೊತ್ತು ಹಿತ್ತಿಲ ಕಡೆ ತಿರುಗಿದರೆ, ಸಿಮೆಂಟಿನ ಬಿರುಕಿಂದ ಕೆಸುವಿನ ಸುರುಳಿ ಎಲೆ ತಲೆ ಎತ್ತಿದೆ! ಆಚೀಚೆ ನೋಡಿದಳು. ಅರ್ಧ ಕೊಡ ಅಲ್ಲಿಗೇ ಸುರಿದು, ಉಳಿದರ್ಧಕ್ಕೆ ಕೆರೆ ನೊರೆ ತುಂಬಿ ಅರಮನೆಗೆ ಕೊಟ್ಟು ಬಂದಳು. ದಿನಾ ಹಂಗೇ ಮಾಡಿದಳು.

ಹದಿನೆಂಟನೇ ದಿನ ಆಸ್ಥಾನ ಕಪ್ಪೆ ಆ ನೀರು ಕುಡಿದು ಕೆಮ್ಮಿ ಕೆಮ್ಮಿ ಕಿರೀಟ ಬಿಟ್ಟು ಓಡಿಹೋಯ್ತು ಅಂತ ಸುದ್ದಿ. ಪ್ರಭುಗಳು ಖಾಲಿ ಪರದೆಗೇ ಕಿರೀಟ ತೊಡಿಸಿದರು. ಕೊಡ ಹೊರೋದು ಮಾತ್ರ ತಪ್ಪಲಿಲ್ಲ.

ಅವತ್ತೇ ಸಂಜೆ ಕೆಸುವಿನ ಎಲೆ ಕಡೆಯಿಂದ "ವಟರ್" ಅಂತ ಕೇಳಿಸ್ತು. ಸ್ವಲ್ಪ ಗೊಗ್ಗರು ದನಿ, ಹಿಂದೆಯೇ ಒಂದು ಕೆಮ್ಮು. ಚೆನ್ನಾಜಮ್ಮ ದೀಪ ಹಿಡಿದು ಹೋಗಿ, ಬಗ್ಗಿ ನೋಡಿ, ಹೊಟ್ಟೆ ಹಿಡ್ಕೊಂಡು ನಕ್ಕಳು. ಒಳಗೆ ಬಂದು ಒಲೆ ಹಚ್ಚಿ, ಎರಡು ಮುದ್ದೆ ಕಟ್ಟಿದಳು.

ಒಂದು ಅವಳಿಗೆ. ಇನ್ನೊಂದು ಯಾರಿಗೆ, ನೀವೇ ಹೇಳಿ ನೋಡಾನ?