ಒಗೆಯುವ ಕೋಣೆಗೆ ಹೋದ ಮಡಿಸೀರೆ

ನಿಮ್ಮ ಮುತ್ತಜ್ಜಿ, ಅಂದರೆ ನನ್ನ ಅಮ್ಮ, ಮೂರು ತಿಂಗಳಿಗೆಂದು ಸ್ವೀಡನ್ನಿಗೆ ಹೊರಟಾಗ ಆ ದೇಶವನ್ನು ಮುಟ್ಟದೆಯೇ ವಾಪಸು ಬರುತ್ತೇನೆಂದು ಹಟ ತೊಟ್ಟವಳು! ಅದು ಹೇಗೆ ಸಾಧ್ಯ ಎಂದು ನನ್ನನ್ನು ಕೇಳಬೇಡಿ, ಮಕ್ಕಳೇ. ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಗೇ ಓದು ಮುಗಿಸಿದವಳು ನಾನು. ಅಮ್ಮನ ಮಡಿಯ ಕಟ್ಟಳೆಗಳು ನನಗೆ ಅಂದೂ ಅರ್ಥವಾಗಲಿಲ್ಲ, ಇಂದೂ ಆಗಿಲ್ಲ.

ನಿಮ್ಮಲ್ಲಿ ದೊಡ್ಡವನು ಹುಟ್ಟಿದಾಗ ನಿಮ್ಮ ತಾಯಿಯ ಬಾಣಂತನಕ್ಕೆಂದು ನಾವಿಬ್ಬರೂ ಹೊರಟೆವು. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ವಿಮಾನ ಹತ್ತುವಾಗಲೇ ಅಮ್ಮನಿಗೆ ಅನುಮಾನ.

"ಇದು ಮಡಿಯೋ ಮೈಲಿಗೆಯೋ?"

"ನಂಗೇನಮ್ಮ ಗೊತ್ತು?"

ವಿಮಾನ ಮೇಲೇರಿದ ಮೇಲೆ ಕಿಟಕಿಯಲ್ಲಿ ಇಣುಕಿ ತಾನೇ ತೀರ್ಪು ಕೊಟ್ಟಳು. "ನೆಲಾನೇ ಮುಟ್ಟಿಲ್ವಲ್ಲೇ! ಇನ್ನೆಲ್ಲಿಯ ಮೈಲಿಗೆ?" ಹಾಗಾದರೆ ಅಲ್ಲಿ ಕೊಟ್ಟ ಊಟ ಉಂಡಳೇ? ಎಲ್ಲಿ ಬಂತು! "ಬೇಯಿಸಿದ್ದು ನೆಲದ ಮೇಲೆ ತಾನೇ?" ಎಂದು ಡಬ್ಬಿಯ ಅವಲಕ್ಕಿ ಬಿಚ್ಚಿದಳು.

ಕಿಸ್ಟಾ ಎಂಬ ಊರಿನಲ್ಲಿದ್ದ ನಿಮ್ಮ ತಾಯಿಯ ಮನೆಯಲ್ಲಿ ನಿಜವಾದ ಪೇಚು ಶುರುವಾಯಿತು. ಒಗೆದು, ಯಾರೂ ಮುಟ್ಟದಂತೆ ಒಣಗಿಸಿದ ಸೀರೆಯನ್ನು ಅಮ್ಮ ಉಡಬೇಕು. ಯಾರನ್ನೂ ಮುಟ್ಟದೆ ಅಡುಗೆ ಮಾಡಿ, ದೇವರಿಗೆ ನೈವೇದ್ಯ ಇಟ್ಟು, ಆಮೇಲೆ ಉಣ್ಣಬೇಕು. ಮನೆಯೊಳಗೆ ಒಣಗಿಸೋಣವೆಂದರೆ ಎಲ್ಲೆಲ್ಲೂ ಕೂಸಿನ ಲಂಗೋಟಿಗಳು! ಉಳಿದದ್ದು ಕೆಳಗಿನ ಒಗೆಯುವ ಕೋಣೆ.

"ಅಜ್ಜಿ, ಆ ಲಾಂಡ್ರಿ ರೂಮ್ ಇಡೀ ಬಿಲ್ಡಿಂಗಿಗೆ ಕಾಮನ್ನು. ವಾರಕ್ಕೆ ಎರಡೇ ಸಲ ನಮ್ ಟರ್ನ್ ಸಿಗೋದು. ಟೈಮ್ ಮುಗಿದ ತಕ್ಷಣ ಬಟ್ಟೆ ತೆಗೀಬೇಕು," ಎಂದಳು ನಿಮ್ಮ ತಾಯಿ.

"ಹಾಗಾದ್ರೆ ವಾರಕ್ಕೆ ಎರಡೇ ಊಟ, ಬಿಡೇ," ಎಂದಳು ಅಮ್ಮ.

ತಮಾಷೆಗೆ ಹೇಳಿದಳೆಂದುಕೊಂಡಿರಾ? ಐದು ದಿನ ಹಾಲು, ಬಾಳೆಹಣ್ಣು; ಎರಡು ದಿನ ಅನ್ನ! ಎಪ್ಪತ್ತೈದು ದಾಟಿದ ಜೀವ. ಮೂರನೇ ವಾರಕ್ಕೆ ರವಿಕೆಯ ತೋಳು ಜೋಲಾಡತೊಡಗಿತು. ಅಮ್ಮನನ್ನು ಜೀವಸಹಿತ ಊರಿಗೆ ಕರೆದುಕೊಂಡು ಹೋಗುತ್ತೇನೋ ಇಲ್ಲವೋ ಎಂದು ನನಗೆ ಭಯ. ಆ ಎರಡು ಊಟವಾದರೂ ತಪ್ಪದಿರಲಿ ಎಂದು, ಸೀರೆ ಒಣಗುವವರೆಗೆ ನಾನೇ ಸ್ಟೂಲಿನ ಮೇಲೆ ಕಾವಲು ಕೂರುತ್ತಿದ್ದೆ.

ಒಂದು ದಿನ ಪಕ್ಕದ ಮನೆಯ ಎತ್ತರದ ಹೆಂಗಸು ಬುಟ್ಟಿ ಹಿಡಿದು ಬಂದು ಏನೋ ಹೇಳಿದಳು. ನಾನು ನಕ್ಕೆ. ಅವಳೂ ನಕ್ಕಳು. ಇನ್ನೇನು ಮಾಡಲಿ? ಊರಿನವರ ಜೊತೆ ಮಾತನಾಡಲೇ ನಾಚುವವಳು ನಾನು! ನಿಮ್ಮ ತಾಯಿಯನ್ನು ಕರೆಯಲು ಮೇಲಕ್ಕೆ ಓಡಿದೆ. ಇಬ್ಬರೂ ಇಳಿದು ಬರುವಷ್ಟರಲ್ಲಿ ಸೀರೆ ಹಗ್ಗದ ಮೇಲಿರಲಿಲ್ಲ. ಆ ಹೆಂಗಸು ಅಂಚಿಗೆ ಅಂಚು ಕೂಡಿಸಿ, ಚೌಕವಾಗಿ ಮಡಿಸಿ, ನಮ್ಮ ಬುಟ್ಟಿಯಲ್ಲಿ ಇಟ್ಟಿದ್ದಳು! ಇವತ್ತಿನ ಊಟವೂ ಹೋಯಿತು.

ಬಚ್ಚಿಡುವುದು ನನಗೆ ಬಾರದು. ಅಮ್ಮನಿಗೆ ಎಲ್ಲವನ್ನೂ ಹೇಳಿದೆವು. "ನಮ್ ಟೈಮ್ ಮುಗಿದಿತ್ತಂತೆ ಅಜ್ಜಿ. ಇಷ್ಟುದ್ದದ ಬಟ್ಟೆ ಕೊಳೆಯಾಗ್ಬಾರ್ದು ಅಂತ ಸ್ಟೂಲ್ ಹತ್ತಿ ತೆಗೆದ್ರಂತೆ," ಎಂದಳು ನಿಮ್ಮ ತಾಯಿ.

"ಹತ್ತು ಅಂತ ಅವಳಿಗೆ ಯಾರು ಹೇಳಿದ್ರು?"

"ಯಾರೂ ಇಲ್ಲ."

ಅಮ್ಮ ಬುಟ್ಟಿಯಿಂದ ಆ ಸೀರೆಯನ್ನು ಎತ್ತಿಕೊಂಡಳು. ಸ್ನಾನ ಮಾಡಿದಳು. ಅದನ್ನೇ ಉಟ್ಟು ಬಂದಳು!

"ಅಮ್ಮ, ಅದು ಮೈಲಿಗೆ ಅಲ್ವಾ?"

"ನಂಗೆ ನೀನು ಹೇಳಿಕೊಡ್ತೀಯೇನೇ? ಸುಮ್ನಿರು."

ಅಡುಗೆಯಾಯಿತು. ನೈವೇದ್ಯದ ಹೊತ್ತಿಗೆ ಸರಿಯಾಗಿ ಕೂಸು ಅಳತೊಡಗಿತು. ಅದನ್ನು ಎತ್ತಿಕೊಂಡು, ನಾನು ಚಿಕ್ಕಂದಿನಿಂದ ನಿಂತ ಹಾಗೆ, ಅಡುಗೆಮನೆಯ ಹೊರಗೇ ನಿಂತೆ.

"ಒಳಗೆ ಬಾರೇ."

"ನೀನು ಮಡೀಲಿದೀಯಲ್ಲಮ್ಮ…"

"ನಿನ್ನ ಗಂಡ ಹೋದ ದಿನಾನೂ ಮಡೀಲೇ ಇದ್ದೆ ಕಣೇ," ಎಂದಳು ಅಮ್ಮ. "ಪೂಜೆ ಅರ್ಧಕ್ಕೆ ಬಿಡಬಾರದು ಅಂತ ನಿನ್ನ ತಬ್ಬಿ ಹಿಡ್ಕೊಳ್ಳಲಿಲ್ಲ. ಅವಳು ನೋಡು, ಯಾರೂ ಹೇಳದೇನೇ ಒಂದು ಸೀರೆಗೋಸ್ಕರ ಸ್ಟೂಲ್ ಹತ್ತಿದ್ಲು. ಬಾ."

ನನಗೆ ಆಗ ಐವತ್ತೆರಡು. ಕೂಸಿನ ಸಮೇತ ನನ್ನನ್ನು ಎಡಗೈಯಲ್ಲಿ ಬಳಸಿಕೊಂಡು, ಅಮ್ಮ ಬಲಗೈಯಲ್ಲಿ ದೇವರಿಗೆ ಅನ್ನ ತೋರಿಸಿದಳು. ಆಮೇಲೆ ಎರಡು ಸಲ ಬಡಿಸಿಕೊಂಡು ಉಂಡಳು. ಮರುದಿನದಿಂದ ಸೀರೆ ಮನೆಯೊಳಗೇ, ಕೂಸಿನ ಲಂಗೋಟಿಗಳ ಪಕ್ಕದಲ್ಲೇ ಒಣಗತೊಡಗಿತು. ಊಟ ಒಂದು ದಿನವೂ ತಪ್ಪಲಿಲ್ಲ.

ಅದಕ್ಕೇ ದೇವರ ಮುಂದೆ ನಿಂತಾಗ ನಿಮ್ಮನ್ನು ಎಳೆದು ಪಕ್ಕಕ್ಕೆ ಒತ್ತಿಕೊಳ್ಳುತ್ತೇನೆ. ಏಕಜ್ಜಿ ಎಂದು ನಗುತ್ತೀರಿ. ನಗಿ. ಅಮ್ಮನಿಂದ ನನಗೆ ಸರಿಯಾಗಿ ಬಂದ ಪೂಜೆ ಅದೊಂದೇ.