ಹೆಂಡತಿಯ ತವರಿನಲ್ಲಿ ಸೀಟಿ ಊದಿದ್ದು

ಇನ್ನೊಬ್ಬರ ಸೀಟಿಯಲ್ಲಿ ತಪ್ಪು ಹುಡುಕುವಷ್ಟು ಸುಖದ ಕೆಲಸ ಬೇರೊಂದಿಲ್ಲ. ನಾನು ಕುಂದಗೋಳ ತಾಲೂಕಿನ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕ. ಬೆಳಗಿನ ಚಹಾದ ಜೊತೆ ಮೊಬೈಲಿನಲ್ಲಿ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ನೋಡುವುದು ನನ್ನ ಚಟ. ಅಲ್ಲಿ ಏಳಡಿ ಎತ್ತರದ ಆಳು, ಯಾರದೋ ಮೊಣಕೈಯ ಗಾಳಿ ತಾಗಿದರೂ ಸಾಕು, ಕಡಿದ ಬಾಳೆಗಿಡದಂತೆ ಒರಗಿಬಿಡುತ್ತಾನೆ. ರೆಫರಿ ಒಮ್ಮೆ ಸೀಟಿ ಊದುತ್ತಾನೆ, ಮರುಗಳಿಗೆ ಅಂಥದೇ ಬೀಳಾಟಕ್ಕೆ ಬಾಯಿ ಮುಚ್ಚಿಕೊಂಡಿರುತ್ತಾನೆ. ಹೆಸರಾದವನಿಗೊಂದು ನ್ಯಾಯ, ಬೆಂಚಿನಿಂದ ಎದ್ದು ಬಂದವನಿಗೊಂದು ನ್ಯಾಯ. ನಾನು ಮೊಬೈಲಿಗೇ ಬೈಯುತ್ತೇನೆ. ರೊಟ್ಟಿ ಬಡಿಯುತ್ತಿರುವ ನನ್ನ ಹೆಂಡತಿ ಗಿರಿಜಾ, "ಸಾವಕಾಶ ಬೈರಿ, ಬಾಜೂ ಮನಿಯವ್ರು ನನಗ ಬೈಯಾಕತ್ತೀರಿ ಅನ್ಕೋತಾರ" ಎನ್ನುತ್ತಾಳೆ.

ಹೋದ ತಿಂಗಳು ದುಮ್ಮವಾಡದಲ್ಲಿ ಬಾಸ್ಕೆಟ್‌ಬಾಲ್ ಫೈನಲ್ಲಿಗೆ ರೆಫರಿಯಾಗಿ ನನ್ನನ್ನು ಕರೆದರು. ಊರಿನ ಹುಡುಗರಿಗೂ ಅಳ್ನಾವರದವರಿಗೂ ಪಂದ್ಯ. ದುಮ್ಮವಾಡ ಗಿರಿಜಾಳ ತವರು. ಊರಿನ ತಂಡದ ಕ್ಯಾಪ್ಟನ್ ಅವಳ ತಮ್ಮ ಮಲ್ಲೇಶಿ. ಇಬ್ಬರೂ ಕೂಡಿ ಹೊರಡುವಾಗ ಅವಳು, "ನನ್ನ ತಮ್ಮ ಅಂತ ನೋಡಬ್ಯಾಡ್ರಿ. ಆದ್ರ ಆಟ ಮುಗದ ಮ್ಯಾಲ ನಮ್ಮವ್ವನ ಮಾರಿ ನೋಡೂ ಹಂಗರ ಇರ್ರಿ" ಎಂದಳು. ಈ ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆಂದು ಯಾವ ನಿಯಮ ಪುಸ್ತಕದಲ್ಲೂ ಇಲ್ಲ.

ನಮ್ಮ ಕಡೆ ಒಂದು ಮನೆಯ ಅಳಿಯ ಇಡೀ ಊರಿಗೇ ಅಳಿಯ. ಮೈದಾನ ಮುಟ್ಟುವಷ್ಟರಲ್ಲಿ ದಾರಿಯ ಮನೆಗಳಲ್ಲೆಲ್ಲ ಚಹಾ ಕುಡಿಸಿದರು. ಅಳ್ನಾವರದ ಕ್ಯಾಪ್ಟನ್ ಎಲ್ಲವನ್ನೂ ನೋಡಿದ್ದ. "ಸರ, ಚಹಾ ಭಾಳ ಆತೇನ್ರಿ?" ಎಂದು ಬಹಳ ವಿನಯದಿಂದ ಕೇಳಿದ. ಅಲ್ಲಿಗೆ ನನ್ನ ಧೈರ್ಯ ಉಡುಗಿತು.

ಮೊದಲರ್ಧದಲ್ಲಿ ಮಲ್ಲೇಶಿ ಸಮೀಪ ಹೋದದ್ದೇ ತಡ, ಅಳ್ನಾವರದ ಕ್ಯಾಪ್ಟನ್ "ಸತ್ನೆಪೋ!" ಎಂದು ಮಣ್ಣಿಗೆ ಬಿದ್ದ. ಯಾರೂ ಮುಟ್ಟಿರಲಿಲ್ಲ, ಕಣ್ಣಾರೆ ಕಂಡಿದ್ದೆ. ಆದರೆ ಕುಡಿದ ಚಹಾಗಳ ಲೆಕ್ಕ ನೆನಪಾಯಿತು. ಸೀಟಿ ತಾನೇ ಊದಿಕೊಂಡಿತು. ಫೌಲು ಮಲ್ಲೇಶಿಯದು.

ಕೊನೆಯ ಗಳಿಗೆ. ದುಮ್ಮವಾಡ ಒಂದೇ ಬಾಸ್ಕೆಟ್, ಎರಡೇ ಅಂಕ ಹಿಂದೆ. ಚೆಂಡು ಹಿಡಿದು ಹಾರಿದ ಮಲ್ಲೇಶಿ, ಯಾರೂ ಮುಟ್ಟದಿದ್ದರೂ, ಎರಡೂ ಕೈ ಚೆಲ್ಲಿ ಅಗದಿ ಚಂದ ಬಿದ್ದ. ನಾನು ಸೀಟಿ ಊದಿದರೆ ಎರಡು ಫ್ರೀ ಥ್ರೋ, ಎರಡೂ ಬಿದ್ದರೆ ಸಮ. ಊರಿಗೆ ಊರೇ "ಅಳ್ಯಾರ!" ಎಂದು ಕೂಗಿತು. ಅಷ್ಟು ಜನ ಅಳಿಯ ಅಂದ ಮೇಲೆ ಊದುವುದಾದರೂ ಹೇಗೆ? ಸುಮ್ಮನಿದ್ದೆ. ಹೊತ್ತು ಮುಗಿಯಿತು. ದುಮ್ಮವಾಡ ಸೋತಿತು.

"ಮಾಮಾ, ಅವಾಗ ಅವಂಗ ಕೊಟ್ರಿ. ಈಗ ನನಗ್ಯಾಕಿಲ್ರಿ?" ಎಂದ ಮಲ್ಲೇಶಿ, ಮೈಮೇಲಿನ ಮಣ್ಣು ಕೂಡ ಝಾಡಿಸದೆ. ಅಮೆರಿಕದ ರೆಫರಿಗಳ ಮೇಲೆ ಮೊದಲ ಸಲ ಕನಿಕರ ಹುಟ್ಟಿತು. ಅಳ್ನಾವರದ ಕ್ಯಾಪ್ಟನ್ ಬಂದು ಕೈಕುಲುಕಿ, "ನಿಮ್ಮಂಥಾ ಪ್ರಾಮಾಣಿಕರು ಸಿಗೂದಿಲ್ರಿ ಸರ" ಎಂದ. ಅದು ಇನ್ನೂ ಜಾಸ್ತಿ ನೋಯಿಸಿತು.

ಮಧ್ಯಾಹ್ನ ಅತ್ತೆಯ ಮನೆಯಲ್ಲಿ ಊಟ. ಹೋಳಿಗೆಯೇನೋ ತಾಟಿಗೆ ಬಿತ್ತು. ತುಪ್ಪದ ಗಿಂಡಿ ಮಾತ್ರ ಮಲ್ಲೇಶಿಯ ತನಕ ಬಂದು ಹಿಂದಕ್ಕೆ ತಿರುಗಿತು. "ತುಪ್ಪ ನಿಮಗ ಒಗ್ಗೂದಿಲ್ಲೇನೋ ಅಂತ ಹಾಕಲಿಲ್ರಿ ಅಳ್ಯಾರ" ಎಂದರು ಅತ್ತೆ. ಮದುವೆಯಾದಾಗಿನಿಂದ ಆ ಮನೆಯಲ್ಲಿ ನಾನು ಒಣ ಹೋಳಿಗೆ ತಿಂದವನಲ್ಲ. ಅವಮಾನ, ದುಃಖ ಎರಡೂ ಒಟ್ಟಿಗೆ ಬಂದವು. ನೀರಿಗೆಂದು ಎದ್ದವನು ಹಾಗೇ ನಡ ಹಿಡಿದುಕೊಂಡೆ. "ಅಯ್ಯಯ್ಯಪ್ಪಾ!" ಎಂದು ಗೋಡೆಗುಂಟ ಜಾರಿ, ಒಂದು ಮಗ್ಗುಲಿಗೆ ವಾಲಿ ಕಣ್ಣು ಮುಚ್ಚಿದೆ.

ಅತ್ತೆ ಗಾಬರಿಯಾದರು. "ಯವ್ವಾ, ಬಿಸಲಾಗ ಓಡ್ಯಾಡಿ ನಡಾ ಹಿಡಕೊಂಡೈತಿ! ಮಲ್ಲ್ಯಾ, ಎಣ್ಣಿ ಬಿಸಿ ಮಾಡೋ! ಮೊದಲ ಒಂದೀಟು ತುಪ್ಪ ಹಾಕ್ತೀನಿ, ಎದ್ದು ಉಣ್ರಿ ಅಳ್ಯಾರ" ಎನ್ನುತ್ತ ಗಿಂಡಿ ಎತ್ತಿಕೊಂಡರು. ನಾನು ಅರೆಗಣ್ಣು ತೆರೆದು ನೋಡಿದೆ. ಗಿಂಡಿ ನನ್ನ ತಾಟಿನ ಮೇಲೆ ಬಾಗುತ್ತಿತ್ತು.

ಆಗ ಅಡುಗೆಮನೆಯ ಬಾಗಿಲಿಗೆ ಬಂದ ಗಿರಿಜಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಾಯಿಯ ಕೈಯಿಂದ ಗಿಂಡಿ ತೆಗೆದುಕೊಂಡಳು.

"ಏಳ್ರಿ. ಯಾರೂ ಮುಟ್ಟಿಲ್ಲ."